ಕೊಲೆಯಿಲ್ಲದ ಫೆಬ್ರುವರಿ

ಮಾರ್ಚ್ ಐದು, ಗುರುವಾರ. ಬೆಳಿಗ್ಗೆ ಹತ್ತಕ್ಕೆ ಸೆರೆಮನೆ, ಮಧ್ಯಾಹ್ನ ಒಂದಕ್ಕೆ ನ್ಯಾಯಾಲಯ, ನಾಲ್ಕಕ್ಕೆ ರೋಗಿಗಳನ್ನು ನೋಡುವ ತನ್ನ ಕೊಠಡಿ. ಅರವತ್ತರ ಮನೋವಿಶ್ಲೇಷಕಿ ನೆಲಿದಾ ಅರಿಯೇತಾ ಆ ದಿನದ ಕೆಲಸವನ್ನು ಈ ಕ್ರಮದಲ್ಲಿ ಜೋಡಿಸಿಕೊಂಡಿದ್ದಳು.

ಹತ್ತಕ್ಕೆ ಅವಳೆದುರು ರಮಿರೋ ಕಾಸ್ಕೋ ಕುಳಿತಿದ್ದ. ಲಿಫ್ಟ್ ರಿಪೇರಿಯವನು, ನಾಲ್ವರು ಹೆಂಗಸರನ್ನು ಕೊಂದನೆಂದು ಜೀವಾವಧಿ ಶಿಕ್ಷೆಯಾಗಿತ್ತು. ಅವನ ಕೊನೆಯ ಮೇಲ್ಮನವಿ ಅಂದು ತೀರ್ಮಾನವಾಗಲಿತ್ತು. ಅದು ನಿಂತಿದ್ದದ್ದು ನೆಲಿದಾಳ ಅಭಿಪ್ರಾಯದ ಮೇಲೆ.

ಬ್ಯೂನಸ್ ಐರಿಸ್‌ನಲ್ಲಿ ನಾಲ್ಕು ಬೇಸಿಗೆ, ವರ್ಷಕ್ಕೊಬ್ಬಳಂತೆ, ಅರವತ್ತರ ಆಸುಪಾಸಿನ ಒಂಟಿ ಹೆಂಗಸರು ಕೊಲೆಯಾಗಿದ್ದರು. ಪ್ರತಿ ಸಲವೂ ಫೆಬ್ರುವರಿ, ಅಲ್ಲಿ ನಡುಬೇಸಿಗೆಯ ರಜೆಯ ತಿಂಗಳು. ವಾರದ ಅದೇ ದಿನ, ಅದೇ ಹೊತ್ತು. ಬೆರಳಚ್ಚಿಲ್ಲ, ಸಾಕ್ಷಿಯಿಲ್ಲ. ಪೊಲೀಸರಿಗೆ ದಿಕ್ಕು ತೋರಿಸಿದ್ದು ನೆಲಿದಾಳ ವರದಿ: ಬಿಟ್ಟುಹೋದ ತಾಯಿಯನ್ನು ಕೊಲೆಗಾರ ಎದುರಿಗೆ ಸಿಕ್ಕ ಹೆಂಗಸಿನಲ್ಲಿ ಕಾಣುತ್ತಾನೆ, ಅವಳು ಬಿಟ್ಟುಹೋದ ತಿಂಗಳಲ್ಲೇ ಅವಳನ್ನು ಮತ್ತೆ ಮತ್ತೆ ಕೊಲ್ಲುತ್ತಾನೆ. ರಮಿರೋನ ತಾಯಿ ಪ್ರತಿ ಬೇಸಿಗೆಯಲ್ಲೂ ಮಗನನ್ನು ನೆರೆಮನೆಯಲ್ಲಿ ಬಿಟ್ಟು ಕಡಲತೀರದ ಹೋಟೆಲಿಗೆ ಅಡುಗೆಗೆ ಹೋಗುತ್ತಿದ್ದಳು. ಸತ್ತವರಲ್ಲಿ ಇಬ್ಬರ ಕಟ್ಟಡಗಳಲ್ಲಿ ಲಿಫ್ಟ್ ನೋಡಿಕೊಳ್ಳುತ್ತಿದ್ದವನು ಅವನೇ. ಅಷ್ಟು ಸಾಕಾಯಿತು.

ನೆಲಿದಾ ಹಳೆಯ ಪ್ರಶ್ನೆಯನ್ನೇ ಕೇಳಿದಳು. ತಾಯಿಯ ಮೇಲೆ ಸಿಟ್ಟು ಬರುತ್ತಿರಲಿಲ್ಲವೇ?

“ದುಡಿಯೋಕೆ ಹೋಗ್ತಿದ್ಳು. ಬರುವಾಗ ಮಿಠಾಯಿ ತರ್ತಿದ್ಳು. ಸಿಟ್ಟು ಯಾಕೆ ಬರಬೇಕು?”

ಅವಳು ಬರೆದುಕೊಂಡಳು: ನಿರಾಕರಣೆ ಬಲವಾಗಿದೆ; ಅದುಮಿಟ್ಟ ಸಿಟ್ಟು ಅದಕ್ಕಿಂತ ಬಲವಾಗಿರಬೇಕು.

ಮೇಜಿನಾಚೆಯಿಂದಲೇ ಅದನ್ನು ಓದಿದ ರಮಿರೋ ನಕ್ಕ. “ಸಿಟ್ಟಿತ್ತು ಅಂದ್ರೆ ಕೊಂದವನು. ಇರಲಿಲ್ಲ ಅಂದ್ರೆ ಮುಚ್ಚಿಡೋನು. ಏನಂದ್ರೆ ಮನೆಗೆ ಬಿಡ್ತೀರಿ, ಅದನ್ನಾದ್ರೂ ಹೇಳಿಕೊಡಿ ಡಾಕ್ಟ್ರೇ. ಅದನ್ನೇ ಅಂತೀನಿ.”

ಪ್ರಶ್ನೆಗೆ ಉತ್ತರ ಕೊಡುವುದು ಅವಳ ವೃತ್ತಿಯ ಪದ್ಧತಿಯಲ್ಲ. ಅವಳು ಎದ್ದಳು.

ನ್ಯಾಯಾಲಯದ ಗುಮಾಸ್ತೆ ಓಫೆಲಿಯಾ ರಜೆ ಮುಗಿಸಿ ಬಂದಿದ್ದಳು. “ಏನು ಡಾಕ್ಟ್ರೇ, ಊರೆಲ್ಲ ಬಿಸಿಲಿಗೆ ಕಂದಿ ಬಂದಿದೆ, ನೀವು ಮಾತ್ರ ಸುಣ್ಣ ಬಳಿದ ಗೋಡೆ. ಫೆಬ್ರುವರಿಯಲ್ಲಿ ಕಡಲಿಗೆ ಹೋಗದ ಮನೋವಿಶ್ಲೇಷಕಿ ಈ ಊರಲ್ಲಿ ನೀವೊಬ್ರೇ ಇರಬೇಕು.”

ಅಮ್ಮನ ಸೊಂಟದ ಮೂಳೆ ಮುರಿದದ್ದನ್ನು ನೆಲಿದಾ ತಿಳಿಸಿದಳು. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಫೆಬ್ರುವರಿಯಲ್ಲಿ ತನ್ನ ಕೊಠಡಿಯ ಬಾಗಿಲು ಹಾಕಿರಲಿಲ್ಲ. ಯಾವ ರೋಗಿಯ ಭೇಟಿಯನ್ನೂ ತಪ್ಪಿಸಿರಲಿಲ್ಲ.

ನ್ಯಾಯಾಧೀಶರು ಕೇಳಿದ್ದು ಒಂದೇ. ಈ ಫೆಬ್ರುವರಿ ಕೊಲೆಯಿಲ್ಲದೆ ಕಳೆದಿದೆ. ಇದಕ್ಕೆ ನೆಲಿದಾಳ ವಿವರಣೆ ಏನು? ರಮಿರೋ ಒಳಗಿದ್ದಾನೆ, ಕೊಲೆ ನಿಂತಿದೆ, ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲವೆಂದು ನೆಲಿದಾ ಹೇಳಿ ಸಹಿ ಹಾಕಿದಳು. ಎರಡಕ್ಕೆ ಹತ್ತು ನಿಮಿಷವಿರುವಾಗ ಮೇಲ್ಮನವಿ ವಜಾ ಆಯಿತು. ಹಿಂದಿನ ಬೆಂಚಿನಲ್ಲಿದ್ದ ಕಿವಿ ಮಂದವಾದ ಮುದುಕಿ, ರಮಿರೋನ ತಾಯಿ, “ಬಿಟ್ರಾ?” ಎಂದು ಪಕ್ಕದವರನ್ನು ಕೇಳಿದಳು.

ನಾಲ್ಕಕ್ಕೆ ಸರಿಯಾಗಿ ಅವಳ ರೋಗಿ, ಔಷಧದಂಗಡಿಯ ಬೆನವೀದೆಸ್ ಬಂದ. ಐದು ವರ್ಷಗಳಿಂದ ವಾರಕ್ಕೊಮ್ಮೆ, ಇದೇ ದಿನ ಇದೇ ಹೊತ್ತಿಗೆ ಬರುತ್ತಿದ್ದ. ಒಂದು ದಿನವೂ ತಡಮಾಡಿದವನಲ್ಲ. ರೋಗಿಗಳಿಗಿಟ್ಟ ದಿವಾನ್ ಮಂಚದ ಮೇಲೆ ಮಲಗಿದ. ನೆಲಿದಾ ಅವನಿಗೆ ಕಾಣದಂತೆ ತಲೆಯ ಹಿಂದಿನ ಕುರ್ಚಿಯಲ್ಲಿ ಕುಳಿತಳು. ಇಲ್ಲಿ ಆಡಿದ ಮಾತು ಈ ಬಾಗಿಲು ದಾಟುವಂತಿಲ್ಲ. ಮೊದಲ ದಿನವೇ ಅವಳು ಕೊಟ್ಟ ಮಾತು ಅದು.



“ಈ ವರ್ಷ ನೀವು ನನ್ನನ್ನ ಬಿಟ್ಟು ಹೋಗಲಿಲ್ಲ ಡಾಕ್ಟ್ರೇ,” ಎಂದ. “ನಿಮ್ಮ ಬದಲಿಗೆ ಇನ್ನೊಬ್ಬರನ್ನ ಹುಡುಕಿಕೊಂಡು ಹೋಗೋದು ತಪ್ಪಿತು.”

ನೆಲಿದಾಳ ಪೆನ್ನು ನಿಂತಿತು.

“ಬರೋ ವರ್ಷವೂ ಇರ್ತೀರಲ್ಲ?”

ನಾಲ್ಕೂ ಕೊಲೆಗಳು ನಡೆದದ್ದು ಗುರುವಾರ, ನಾಲ್ಕು ಗಂಟೆಗೆ.