ಆಚೆಗೆ

ಏಳು ಸಮುದ್ರಗಳಾಚೆ ಒಂದು ಊರಿತ್ತಂತೆ. ಆ ಊರಿನಲ್ಲಿ ಮುದುಕರನ್ನು ರಾಜ-ರಾಣಿಯರ ಹಾಗೆ ನೋಡಿಕೊಳ್ಳುತ್ತಿದ್ದರಂತೆ. ನೆನಪು ಕಳೆದುಕೊಂಡವರಿಗೆ ತುತ್ತು ಮಾಡಿ ಉಣಿಸಿ, ಸಂಜೆ ಕೈ ಹಿಡಿದು ಕಡಲ ತಡಿಗೆ ಕರೆದೊಯ್ಯುತ್ತಿದ್ದರಂತೆ. ಹಾಸನದ ಬಾಡಿಗೆ ಮನೆಯಲ್ಲಿದ್ದ ಶಿವರಾಜು ಇದನ್ನು ಯೂಟ್ಯೂಬಿನಲ್ಲಿ ನೋಡಿ ನಂಬಿದ್ದ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು ಅಷ್ಟು ಸುಲಭಕ್ಕೆ ಏನನ್ನೂ ನಂಬುವವನಲ್ಲ. ಆದರೆ ಅವನ ಎದೆಯೊಳಗೆ ಸ್ಟೆಂಟುಗಳಿದ್ದವು, ಮನೆಯೊಳಗೆ ದಿನಕ್ಕಿಷ್ಟು ಮರೆಯುತ್ತಿದ್ದ ಹೆಂಡತಿ ಸುವರ್ಣಮ್ಮ ಇದ್ದಳು.

"ಥಾಯ್ಲೆಂಡಿಗೆ ಎಂಡ್ತಿನೂ ಕರ್ಕೊಂಡೋಗೋ ಮೊದಲ್ನೇ ಗಂಡಸು ನೀವೇ ಅಂತೆ ದೊಡ್ಡಪ್ಪ, ಅಪ್ಪ ನಗ್ತಿತ್ತು," ಎನ್ನುತ್ತ ತಮ್ಮನ ಮಗಳು ವರ್ಷಾ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದಳು. "ಇನ್ನೊಂದ್ಸಲ ಯೋಚ್ನೆ ಮಾಡ್ಬುಡಿ. ಚನ್ನರಾಯಪಟ್ಟಣದ ಸೈಟು ಮಾರಿದ್ ದುಡ್ಡು ವೀಸಾಕ್ಕೆ ಅಂತ ಅಲ್ಲಿ ಬ್ಯಾಂಕಲ್ಲಿ ಕೂತ್ಕತದೆ, ಮುಟ್ಟಂಗಿಲ್ಲ. ದೊಡ್ಡಮ್ಮಂಗೆ ಯಾವ ಇನ್ಶೂರೆನ್ಸ್‌ನೋರೂ ಕೊಡಕ್ಕಿಲ್ಲ. ನೀವು ತೀರ್ಕಂಡ್ಮೇಲೆ ಪೆನ್ಶನ್ನೂ ಅರ್ಧ."

"ಅರ್ಧದಲ್ಲೂ ಇವಳೊಬ್ಬಳ್ನ ಇಟ್ಕತೀವಿ ಅಂದವ್ರೆ. ಬೆಂಗಳೂರಲ್ಲಿ ಇಂಥ ಕಡೆ ಇವಳ್ನ ಮಾತ್ರ ಒಳಿಕ್ಕೆ ಬಿಟ್ಕತಾರೆ, ನನ್ನ ಗೇಟ್‌ತಾವೇ ನಿಲ್ಲುಸ್ತಾರೆ. ಅಲ್ಲಾದ್ರೆ ನಾನಿರೋಗಂಟ ಜೊತೇಲೇ ಇರ್ತೀನಿ ಕಣವ್ವಾ."

ಒಂದೇ ತೊಡಕು. ಬಚ್ಚಲಿಗೆ ಹೋಗಬೇಕೆಂದು ತಾವೇ ಹೇಳಬಲ್ಲವರಿಗೆ ಅಲ್ಲಿ ಒಂದು ದರ, ಹೇಳಲಾರದವರಿಗೆ ಅದರ ದುಪ್ಪಟ್ಟು. ದುಪ್ಪಟ್ಟು ಕೊಡುವುದು ಶಿವರಾಜುವಿನಿಂದ ಆಗದ ಮಾತು. ಸುವರ್ಣಮ್ಮ ಯಾವ ದರದವಳೆಂದು ಅಲ್ಲಿನ ನರ್ಸ್ ಇವತ್ತು ಫೋನಿನಲ್ಲೇ ನೋಡಿ ತೀರ್ಮಾನಿಸುವವಳಿದ್ದಳು.

ಹಳ್ಳಿಮೈಸೂರಿನ ಶಾಲೆಯಲ್ಲಿ ಸುವರ್ಣಮ್ಮ ಟೀಚರು ಎಂದರೆ ಹಕಾರದ ಟೀಚರು. 'ಆಲಲ್ಲ, ಹಾಲು, ಊವಲ್ಲ, ಹೂವು' ಎಂದು ಮಕ್ಕಳ ನಾಲಗೆಯಿಂದ ಉದುರಿದ್ದನ್ನೆಲ್ಲ ಹೆಕ್ಕಿ ಮತ್ತೆ ಅವರ ಬಾಯಿಗಿಟ್ಟವಳು. ಕಾಯಿಲೆ ಬಂದ ಮೇಲೆ ಅವಳ ಇಂಗ್ಲಿಷ್ ಹೋಯಿತು, ಆಮೇಲೆ ಪುಸ್ತಕದ ಕನ್ನಡ ಹೋಯಿತು. ಉಳಿದಿದ್ದು ತವರು ಹಳೇಕೋಟೆಯ ಹೊಲಗದ್ದೆಯ ಮಾತು ಮಾತ್ರ.

ಪರದೆಯ ಮೇಲೆ ನರ್ಸ್ ಕೈಮುಗಿದಳು. ಅವಳು ಆಡಿದ್ದನ್ನು ಫೋನು ಸಪಾಟು ದನಿಯಲ್ಲಿ ಕನ್ನಡಕ್ಕೆ ತಿರುಗಿಸಿತು: "ನಮಸ್ಕಾರ ತಾಯಿ. ನಿಮಗೆ ಏನಾದರೂ ಬೇಕೇ?"

ಸುವರ್ಣಮ್ಮ ಕುರ್ಚಿಯಲ್ಲಿ ಮಿಸುಕಾಡಿದಳು. "ಆಚೆಗೋಗ್ಬೇಕು."

ಶಿವರಾಜುವಿನ ಮುಖ ಅರಳಿತು. ಬಚ್ಚಲಿಗೆ ಹೋಗಬೇಕೆಂದು ಹೇಳಿಬಿಟ್ಟಳು! ಫೋನು ಅದನ್ನು ಆ ಕಡೆಗೆ ದಾಟಿಸಿತು. ನರ್ಸ್ ನಕ್ಕಳು. "ಖಂಡಿತ. ಪ್ರತಿ ಸಂಜೆ ನಾವು ಹೊರಗೆ ಸುತ್ತಾಡುತ್ತೇವೆ. ನೋಡಿ, ಸಮುದ್ರ!" ಎಂದು ಕ್ಯಾಮೆರಾವನ್ನು ಕಿಟಕಿಯತ್ತ ತಿರುಗಿಸಿದಳು. ಫೋನಿನ ತುಂಬ ನೀಲಿ ತುಂಬಿಕೊಂಡಿತು.

"ಅಯ್ಯೋ, ಆ ಆಚೆ ಅಲ್ಲ ಕಣಮ್ಮಾ!" ಎಂದ ಶಿವರಾಜು.

"ಆಚೆಗೆ... ಆಚೆಗೋಗ್ಬೇಕು..." ಸುವರ್ಣಮ್ಮನ ದನಿ ಅಳುವಿಗಿಳಿಯಿತು. ಶಿವರಾಜು ಎದ್ದು ಅವಳ ರಟ್ಟೆ ಹಿಡಿಯುವಷ್ಟರಲ್ಲಿ ಕುರ್ಚಿಯ ಕೆಳಗೆ ನೀರು ಹರಿದಿತ್ತು. ಕಿಟಕಿಯಿಂದ ಕ್ಯಾಮೆರಾ ತಿರುಗಿಸಿದ ನರ್ಸ್ ಅದನ್ನು ನೋಡಿದಳು.

"ಕ್ಷಮಿಸಿ. ನಿಮ್ಮ ಪತ್ನಿ ಹೇಳುವುದಿಲ್ಲ."

"ಹೇಳಿದ್ಲು! ನಿಮ್ಗೆ ಕೇಳುಸ್ತಿಲ್ವಾ? ಎರಡ್ಸಲ ಹೇಳಿದ್ಲು!" ಶಿವರಾಜು ಅರಚಿದ. ಫೋನು ಅದನ್ನೂ ಸಪಾಟಾಗಿಯೇ ದಾಟಿಸಿತು.

ನರ್ಸಿಗೂ ಕನಿಕರ ಬಂತೇನೋ. ನಮಗೆ ತಿಳಿಯುವ ಹಾಗೆ ಕೇಳುವುದನ್ನು ಕಲಿಸಿ, ಶುಕ್ರವಾರ ಮತ್ತೆ ನೋಡುತ್ತೇನೆ ಎಂದಳು. ಕಲಿಸುತ್ತೇನೆ ಎಂದು ಶಿವರಾಜು ಮಾತು ಕೊಟ್ಟ.

'ಟಾಯ್ಲೆಟ್' ಎಂಬ ಪದ ಅವಳ ಬಾಯಲ್ಲಿ ನಿಲ್ಲಲೇ ಇಲ್ಲ. ಆಮೇಲೆ ವರ್ಷಾ, "ದೊಡ್ಡಮ್ಮನ ಸ್ಕೂಲಲ್ಲಿ ನಾವೆಲ್ಲ ಒಂದಕ್ಕೆ ಬಿಡಿ ಅಂತ ಕಿರುಬೆರಳು ಎತ್ತತಿದ್ವಲ್ಲಾ, ಅದ್ನೇ ಕಲ್ಸಿ. ಬೆರಳು ಎತ್ತುದ್ರೆ ಇಂಗೆ ಅಂತ ನರ್ಸ್‌ಗೆ ನಾನು ಬರ್ದು ಕಳುಸ್ತೀನಿ," ಎಂದಳು. ಅಂದಿನಿಂದ ಶಿವರಾಜು ಹೆಂಡತಿಯ ಮುಂದೆ ನಿಂತು ಕಿರುಬೆರಳೆತ್ತಿ ತೋರಿಸಿದ. ಊಟಕ್ಕೆ ಮುಂಚೆ, ಊಟವಾದ ಮೇಲೆ, ಅವಳು ಬೇಸತ್ತು ಮುಖ ತಿರುಗಿಸಿದಾಗಲೂ. "ಎತ್ತು. ಊಂಹೂಂ, ಅದಲ್ಲ, ಕಿರುಬೆರಳು. ಎತ್ತು ಅಂದೆ." ಒಮ್ಮೆ ಗದರಿದ. ಇನ್ನೊಮ್ಮೆ, ತನಗೇ ಗೊತ್ತಾಗದೆ, ಅವಳ ಕೈ ಮೇಲೆ ಸಣ್ಣಗೆ ಹೊಡೆದ. ಹೊಡೆದ ಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ.

ಶುಕ್ರವಾರ ನರ್ಸ್ ಮತ್ತೆ ಪರದೆಗೆ ಬಂದಳು. ಏನಾದರೂ ಬೇಕೇ ತಾಯಿ, ಎಂದು ಫೋನು ಕೇಳಿತು. ಸ್ವಲ್ಪ ಹೊತ್ತಿಗೆ ಸುವರ್ಣಮ್ಮ ಮಿಸುಕಿದಳು. ಆಮೇಲೆ ಮಡಿಲಲ್ಲಿದ್ದ ಕೈ ಮೆಲ್ಲಗೆ ಮೇಲೆದ್ದು, ಕಿರುಬೆರಳು ನೆಟ್ಟಗೆ ನಿಂತಿತು.

"ಓ!" ನರ್ಸ್ ಚಪ್ಪಾಳೆ ತಟ್ಟಿದಳು. "ಬಹಳ ಒಳ್ಳೆಯದು. ಮೊದಲನೇ ದರ."

"ಆಯ್ತು ದೊಡ್ಡಪ್ಪ, ಆಗೋಯ್ತು!" ವರ್ಷಾ ಕುಣಿದಳು. "ಸೈಟ್ ತಗಳೋರಿಗೆ ಫೋನ್ ಮಾಡ್ಲಾ?"

ಸುವರ್ಣಮ್ಮ ಬೆರಳನ್ನು ಇಳಿಸಿರಲಿಲ್ಲ. ಅವಳು ಫೋನಿನತ್ತ ನೋಡುತ್ತಲೂ ಇರಲಿಲ್ಲ. ಕುರ್ಚಿಯಿಂದೆದ್ದು, ಕೈ ಕಟ್ಟಿ, ಬೆರಳು ಮಾತ್ರ ಮೇಲಿಟ್ಟುಕೊಂಡು ಶಿವರಾಜುವಿನ ಮುಖವನ್ನೇ ಹೆದರಿ ನೋಡುತ್ತಿದ್ದಳು.

"ಸಾ, ಒಂದಕ್ಕೆ ಬಿಡಿ ಸಾ."

"ಸುವರ್ಣಾ, ನಾನು ಕಣೇ."

"ಊಂ ಸಾ."

ಅಪ್ಪಣೆಯಾಗದೆ ಅವಳು ಹೆಜ್ಜೆ ಎತ್ತುವಂತಿರಲಿಲ್ಲ. ತಡೆದುಕೊಳ್ಳಲಾಗದೆ ಕಾಲು ಬದಲಿಸಿದಳು. ಶಿವರಾಜು ಮೇಷ್ಟರ ದನಿ ತಂದುಕೊಂಡು, "ಓಗು," ಎಂದ.