ಅಕ್ಕನ ಲಾಗಿನ್

ಸಾಹೇಬರು ಹಳೆಯ ಪಾಸ್‌ವರ್ಡನ್ನು ಕೈಯಾರೆ ರದ್ದು ಮಾಡಿ, ಹೊರಬಂದು, ಮತ್ತೆ ಒಳಹೋಗಲು ನೋಡಿದರು. ಪರದೆ ಒಪ್ಪಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಟೈಪ್ ಮಾಡಿದರು. ಊಹೂಂ. ಊರಿನ ಬಸ್ ನಿಲ್ದಾಣಗಳ ನೆಟ್‌ವರ್ಕನ್ನೆಲ್ಲ ಕಾಯುವ ಸಾಫ್ಟ್‌ವೇರು ತನ್ನ ಯಜಮಾನನನ್ನೇ ಬಾಗಿಲಾಚೆ ನಿಲ್ಲಿಸಿತ್ತು.

ಬೆಳಿಗ್ಗೆಯಷ್ಟೇ ಭಾಷಣ ಬಿಗಿದಿದ್ದರು. ಎಲ್ಲರೂ ಒಂದೇ ಪಾಸ್‌ವರ್ಡಿನಲ್ಲಿ ನುಗ್ಗುವ ಕಾಲ ಮುಗಿಯಿತು; ಇನ್ನು ಮುಖ್ಯ ಕಚೇರಿಯ ಸರ್ವರ್ ಒಬ್ಬೊಬ್ಬರ ಗುರುತು ನೋಡಿಯೇ ಒಳಗೆ ಬಿಡುತ್ತದೆ. “ಸ್ವಂತ ಹೆಸರಿಲ್ಲದವರು ಏನನ್ನೂ ಮುಟ್ಟೋ ಹಾಗಿಲ್ಲ!” ಹೆಸರು ಸಿಕ್ಕಿದ್ದು ಕಾಯಂ ನೌಕರರಿಗೆ. ದುಡಿಯುವ ಗುತ್ತಿಗೆಯವರಿಗೆಲ್ಲ ಸೇರಿ ಒಂದೇ ಹೆಸರು: ‘ಗುತ್ತಿಗೆ’. ಅದರಲ್ಲಿ ನೋಡಬಹುದು, ಮುಟ್ಟುವಂತಿಲ್ಲ. ಸಾಕಿದ ನಾಯಿಗೂ ಜನ ಒಂದು ಹೆಸರಿಡುತ್ತಾರೆ.

ಸಾಹೇಬರು ಮುಖ್ಯ ಕಚೇರಿಗೆ ಫೋನ್ ಹಚ್ಚಿದರು. ಅತ್ತಲಿಂದ ಹೆಣ್ಣುದನಿಯೊಂದು ಕಿಸಕ್ಕನೆ ನಕ್ಕಿತು. “ನೀವು ಹಾಕಿರೋ ವಿಳಾಸದ ಸರ್ವರ್ ಗುಜರಿಗೆ ಹೋಗಿ ಯುಗ ಆಯ್ತು ಸಾರ್! ಒಳಗೆ ಹೋಗಿ ಹೊಸದರ ವಿಳಾಸ ಹಾಕಿ.”

“ಒಳಗೆ ಹೇಗಮ್ಮ ಹೋಗ್ಲಿ?” ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

“ಅಕ್ಕ ಒಳಗೇ ಇದ್ದಾಳಲ್ಲ ಸಾರ್,” ಎಂದ ಕೇಬಲ್ ಎಳೆಯುವ ಉದ್ದನೆಯವನು. ಅವನನ್ನು ಎಲ್ಲರೂ ಕರೆಯುವುದು ಜಿರಾಫೆ ಎಂದೇ.

ನಿಜ. ಗುತ್ತಿಗೆಯವರಲ್ಲಿ ಹಿರಿಯಳಾದ ಅಕ್ಕ, ಹೊಸ ಬಾಗಿಲು ತೆರೆದದ್ದನ್ನು ಕಣ್ಣಾರೆ ಕಾಣುವ ತನಕ ಹಳೆಯ ಕಿಟಕಿ ಮುಚ್ಚುವವಳಲ್ಲ. ಹಳೆಯ ಪಾಸ್‌ವರ್ಡಿನಲ್ಲೇ ಒಳಹೋಗಿದ್ದ ಅವಳ ಪರದೆಯಲ್ಲಿ ಎಲ್ಲವೂ ತೆರೆದೇ ಇತ್ತು.

“ಬದುಕಿದೆ! ಬೇಗ ಆ ವಿಳಾಸ ಬದಲಾಯಿಸಮ್ಮ.”

ಅಕ್ಕ ಕೀಬೋರ್ಡಿನಿಂದ ಎರಡೂ ಕೈ ಮೇಲೆತ್ತಿದಳು. “ಮುಟ್ಟೋ ಹಾಗಿಲ್ಲವಲ್ಲ ಸಾರ್. ನಂಗೆ ಹೆಸರಿಲ್ಲ.”

ಆಮೇಲೆ ಜಿರಾಫೆಯೂ ಕೈ ಎತ್ತಿದ. ಅವನ ಪಕ್ಕದವಳೂ ಎತ್ತಿದಳು. ಗುತ್ತಿಗೆಯ ಕೈಗಳೆಲ್ಲ ಮೇಲೆದ್ದವು. ಫೋನಿನೊಳಗಿನ ದನಿ ಮತ್ತೆ ನಕ್ಕಿತು. ಸಾಹೇಬರು ಆ ಕೈಗಳನ್ನು ನೋಡಿದರು, ತಮ್ಮ ಪರದೆಯನ್ನು ನೋಡಿದರು, ಫೋನನ್ನು ಬಾಯಿಯ ಹತ್ತಿರ ತಂದರು.

“ಮೇಡಂ, ಇನ್ನೂ ಕೆಲವರ ಹೆಸರು ಸೇರಿಸ್ಕೊಳ್ಳಿ. ಮುಟ್ಟೋ ಹಕ್ಕಿನ ಸಮೇತ.”

“ಹೇಳಿ ಸಾರ್. ಮೊದಲು ಯಾರದು?”

ಸಾಹೇಬರು ಅಕ್ಕನ ಕಡೆ ತಿರುಗಿದರು. ಇಷ್ಟು ವರ್ಷ ಒಂದೇ ಕೋಣೆಯ ಗಾಳಿ ಕುಡಿದವರು! ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: “ಏನ್ರೀ ನಿಮ್ಮ ಹೆಸರು?”

ಅಕ್ಕ ಫೋನನ್ನೇ ಇಸಿದುಕೊಂಡಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. “ಜೊತೆಗೆ ನಮ್ಮಮ್ಮನ ಹೆಸರೂ ಇರಲಿ ಮೇಡಂ,” ಎಂದಳು. ಫೋನು ಕೈಯಿಂದ ಕೈಗೆ ಹೋಯಿತು. ತನ್ನ ಹೆಸರನ್ನು ಜಿರಾಫೆ ಫೋನೇ ಬೇಡವೆನ್ನುವಷ್ಟು ಜೋರಾಗಿ ಕೂಗಿದ.

ಆಮೇಲೆ ಅಕ್ಕ ವಿಳಾಸ ಸರಿಪಡಿಸಿದಳು. ಸಾಹೇಬರು ಒಳಹೋದರು. ಅಕ್ಕ ಹಳೆಯ ಕಿಟಕಿ ಮುಚ್ಚಿ, ಹೊಸದರಲ್ಲಿ ಗುರುತು ಕೊಟ್ಟಳು. ಪರದೆಯ ಮೂಲೆಯಲ್ಲಿ ಅವಳ ಹೆಸರು ಮೂಡಿತು. ನೋಡಿದಳು. ಹೊರಬಂದಳು. ಮತ್ತೆ ಒಳಹೋದಳು. ಮತ್ತೆ ಹೊರಬಂದಳು.

“ಎಲ್ಲ ಸರಿ ಇದೆಯಲ್ರೀ, ಮತ್ಯಾಕೆ ಹೊರಗೆ ಹೋದ್ರಿ?”

“ಒಳಗೆ ಬರೋಕೆ ಸಾರ್!”

ಅವಳ ಕುರ್ಚಿಯ ಹಿಂದೆ ಆಗಲೇ ಸಾಲು ನಿಂತಿತ್ತು. ಸಾಲಿನಲ್ಲಿ ಜಿರಾಫೆ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದ.