ಗುರುವಾರದ ಬಾಗಿಲು

ಪ್ರತಿ ಮನೆಯ ಕರೆಗಂಟೆ ಒತ್ತಿ ನಿಂತಾಗಲೂ ಅವಳು ದೇವರಲ್ಲಿ ಬೇಡುತ್ತಿದ್ದುದು ಒಂದೇ: ಯಾರೂ ಬಾಗಿಲು ತೆರೆಯದಿರಲಿ. ಸುವಾರ್ತೆ ಸಾರಲು ಸಮುದ್ರ ದಾಟಿ ಬಂದವಳ ಪ್ರಾರ್ಥನೆ ಹೀಗಿರಬಾರದೆಂದು ಅವಳಿಗೂ ಗೊತ್ತಿತ್ತು. 'ಈ ಒಂಬತ್ತು ತಿಂಗಳಲ್ಲಿ ಕರ್ತನು ತಪ್ಪದೆ ನಡೆಸಿಕೊಟ್ಟಿದ್ದು ಇದೊಂದನ್ನೇ' ಎಂದು ಡೈರಿಯಲ್ಲಿ ಬರೆದು, ತಾನೇ ನಾಚಿ ಆ ಪುಟ ಮಡಿಸಿದ್ದಳು. ಒಂದು ಮನೆಯ ವಿಷಯ ಮಾತ್ರ ಬೇರೆ. ಅದನ್ನು ಡೈರಿಗೂ ಹೇಳಿರಲಿಲ್ಲ.

ಈ ಗುರುವಾರ ಆ ಮನೆಯ ಮೆಟ್ಟಿಲು ಹತ್ತುವಾಗ ಅವಳ ಹಿಂದೆ ಮಿಷನ್ನಿನ ಸೂಪರಿಂಟೆಂಡೆಂಟ್ ಅಯ್ಯನವರು ಏದುಸಿರು ಬಿಡುತ್ತಿದ್ದರು. ಅವರ ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ದೀಕ್ಷಾಸ್ನಾನದ ಬಿಳಿ ನಿಲುವಂಗಿ.

"ಆರು ಪಾಠ ಕೇಳಿಯೂ ಮನಸ್ಸು ಕೊಡದ ಮನೆಗೆ ಏಳನೇ ಸಲ ಹೋಗಬಾರದು ಅಂತ ಸಂಸ್ಥೆಯ ನಿಯಮ ಇದೆ ಅಲ್ವೇನಮ್ಮ? ನೀನು ಹದಿನೇಳು ಸಲ ಹೋಗಿದೀಯ. ಪ್ರತಿ ವರದಿಯಲ್ಲೂ 'ನಿರ್ಧಾರದ ಹೊಸ್ತಿಲಲ್ಲಿದ್ದಾರೆ' ಅಂತ ಬರೆದಿದೀಯ. ಏನು ಹೊಸ್ತಿಲಮ್ಮ ಅದು, ನಾಲ್ಕು ತಿಂಗಳಾದರೂ ದಾಟೋಕಾಗದೇ ಇರೋದು?"

ಆ ಹೊಸ್ತಿಲಿಗಾಗಿ ಅವಳ ಊರಿನ ಸಭೆಯಲ್ಲಿ ನಲವತ್ತು ಜನ ಗುರುವಾರ ಗುರುವಾರ ಉಪವಾಸ ಹಿಡಿದಿದ್ದರು. ಅವಳ ಅಮ್ಮನಿಗಂತೂ ಗ್ಯಾಸ್ಟ್ರಿಕ್ ಶುರುವಾಗಿತ್ತು.

ಗುರುವಾರಗಳಲ್ಲಿ ನಿಜಕ್ಕೂ ನಡೆಯುತ್ತಿದ್ದುದನ್ನು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ. ನಾಲ್ಕನೆಯ ಮಹಡಿಯ ಹೊಲಿಗೆ ಅಜ್ಜಿ ಮೊದಲ ದಿನವೇ ಹೇಳಿಬಿಟ್ಟಿದ್ದಳು: "ಮಗಳು ಹೋದ ದಿನದಿಂದ ದೇವರ ಜೊತೆ ಠೂ ಬಿಟ್ಟಿದೀನಿ, ಇಪ್ಪತ್ತು ವರ್ಷ ಆಯ್ತು. ಅವನ ಸುದ್ದಿ ಒಂದು ಬಿಟ್ಟು ಏನು ಬೇಕಾದರೂ ಮಾತಾಡು. ಕಣ್ಣು ಚೆನ್ನಾಗಿದೆ ತಾನೆ? ಇಗೋ, ಸೂಜಿಗೆ ದಾರ ಪೋಣಿಸು." ತರಬೇತಿಯಲ್ಲಿ ಕಲಿಸಿದ ಭಾಷೆಯಲ್ಲಿ ಪಾಪಕ್ಕೆ ಆರು ಶಬ್ದಗಳಿದ್ದವು, ಸೂಜಿಗೆ ಒಂದೂ ಇರಲಿಲ್ಲ. ಅಜ್ಜಿ ಸೂಜಿಯನ್ನೇ ಎತ್ತಿ ತೋರಿಸಬೇಕಾಯಿತು. ಅಲ್ಲಿಂದಾಚೆ ಪಾಠ ಕಲಿತವಳು ಇವಳು.

ಬಾಗಿಲು ತೆರೆಯಿತು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡಿದ್ದ ಅಜ್ಜಿ ಇಬ್ಬರನ್ನೂ ನೋಡಿ ಪಕ್ಕಕ್ಕೆ ಸರಿದಳು. ಕಿಟಕಿಯ ಕೆಳಗೆ ಕಾಲಿನಿಂದ ತುಳಿಯುವ ಮಷೀನು, ಗೋಡೆಯ ಮೇಲೆ ನಗುತ್ತಿರುವ ಮಗಳ ಫೋಟೋ. ಇದ್ದ ಒಂದೇ ಕುರ್ಚಿಯಲ್ಲಿ ಕೂರಹೋದ ಅಯ್ಯನವರನ್ನು ಅಜ್ಜಿ ತಡೆದಳು. "ನೋಡ್ಕೊಂಡು ಕೂತ್ಕೊಳಿ, ಗುಂಡುಪಿನ್ನಿದಾವೆ."

ಅಯ್ಯನವರು ನಿಂತೇ ಕೇಳಿದರು. "ಅಮ್ಮಾ, ಈ ಪಾಠಗಳಿಂದ ನಿಮ್ಮ ಬದುಕಲ್ಲಿ ಏನು ಬದಲಾಯ್ತು?"

ಅಜ್ಜಿ ಪ್ರಾಮಾಣಿಕವಾಗಿ ಯೋಚಿಸಿದಳು. "ಸೂಜಿಗೆ ದಾರ ಬೇಗ ಹೋಗ್ತಿದೆ."

ಅಯ್ಯನವರು ಪೆನ್ನಿನ ಕ್ಯಾಪು ಮುಚ್ಚಿದರು. "ಹಾಗಾದರೆ ಈ ಮನೆಯನ್ನ ಪಟ್ಟಿಯಿಂದ ತೆಗೀತೀವಿ. ಸುಳ್ಳು ವರದಿ ಬರೆದವಳನ್ನೂ ಇಟ್ಟುಕೊಳ್ಳೋಕಾಗಲ್ಲ. ಸೋಮವಾರ ಊರಿಗೆ ಹೋಗ್ತಾಳೆ." ಕಾಯಿಲೆಯವರಿಗಾಗಿ ಪ್ರಾರ್ಥನೆ ಮಾಡುವಷ್ಟು ಮೆತ್ತಗೆ ಹೇಳಿದರು.

ಅಜ್ಜಿ ಹುಡುಗಿಯ ಮುಖ ನೋಡಿದಳು. ಹುಡುಗಿ ತನ್ನ ಬೂಟು ನೋಡುತ್ತಿದ್ದಳು.

"ನಾನು ಮುಳುಗಿದರೆ?" ಎಂದಳು ಅಜ್ಜಿ.

"ಅಂದರೆ?"

"ನೀವು ನೀರಲ್ಲಿ ಮುಳುಗಿಸ್ತೀರಲ್ಲ, ಅದು. ಮುಳುಗಿದರೆ ಇವಳು ಇಲ್ಲೇ ಇರ್ತಾಳಾ?"

"ಸ್ತೋತ್ರ! ಯಾಕಿರಲ್ಲ? ಮನಸಾರೆ ನಂಬಿ ಹೇಳ್ತಿದೀರಿ ತಾನೆ?"

"ನಂಬಿದೀನಿ ಅಂತ ಬರ್ಕೊಳಿ."

ಬರೆದುಕೊಂಡರು. ನಿಲುವಂಗಿ ಚೀಲದಿಂದ ಹೊರಬಂತು. "ಅಳತೆ ಗೊತ್ತಿರಲಿಲ್ಲ, ಇರಲಿ ಅಂತ ದೊಡ್ಡದೇ ತಂದೆ."

ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಯಾರು ಹೊಲಿದ ಪುಣ್ಯಾತ್ಮ? ಹೆಗಲು ಮೊಣಕೈಗೆ ಬರುತ್ತೆ. ಇಪ್ಪತ್ತು ವರ್ಷ ಆದಮೇಲೆ ಮಾತಾಡಿಸೋಕೆ ಇದನ್ನ ಹಾಕ್ಕೊಂಡು ಹೋದರೆ ನಗ್ತಾನೆ."

"ಯಾರು?" ಎಂದರು ಅಯ್ಯನವರು. ಅವರಾಗಲೇ ಫೋನಿನಲ್ಲಿದ್ದರು. "ಹೌದು, ಹೌದು, ನಲವತ್ತು ಜನರ ಉಪವಾಸದ ಫಲ! ... ಅಮ್ಮಾ, ಅಂಗಿ ಸ್ವಲ್ಪ ಮೇಲೆ ಹಿಡೀರಿ, ಫೋಟೋಗೆ."

ಅಜ್ಜಿ ಹಿಡಿದಳು. ಆಮೇಲೆ ಹೆಗಲಿನ ಹೊಲಿಗೆ ಬಿಚ್ಚತೊಡಗಿದಳು. "ತಗೋ ಮಗಳೇ, ದಾರ ಪೋಣಿಸು. ಭಾನುವಾರದೊಳಗೆ ಇದನ್ನ ಮನುಷ್ಯರ ಬಟ್ಟೆ ಮಾಡಬೇಕು."

ಹದಿನೇಳು ಗುರುವಾರವೂ ಒಂದೇ ಸಲಕ್ಕೆ ಹೋಗಿದ್ದ ದಾರ ಇವತ್ತು ಮೂರು ಸಲ ಪಕ್ಕಕ್ಕೆ ಜಾರಿತು. ಅವಳು ದಾರದ ತುದಿ ಒದ್ದೆ ಮಾಡಿಕೊಳ್ಳುತ್ತಿದ್ದಾಗ, ಅಜ್ಜಿ ಮಂಡಿ ಹಿಡಿದು ಎದ್ದಳು. ಗೋಡೆಯ ಹತ್ತಿರ ಹೋಗಿ, ಮಗಳ ಫೋಟೋವನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿ, ಏನೂ ಆಗಿಲ್ಲವೆಂಬಂತೆ ಬಂದು ಕುಳಿತಳು.

ಹುಡುಗಿ ಸೂಜಿಯನ್ನು ಕೆಳಗಿಟ್ಟಳು.

"ಅಯ್ಯನವರೇ." ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ಅಜ್ಜಿ ನಂಬಿಲ್ಲ, ನನಗೋಸ್ಕರ ಹೇಳ್ತಿದಾರೆ. ಈ ಊರಲ್ಲಿ ಬಾಗಿಲು ತೆರೀಲಿ ದೇವರೇ ಅಂತ ನಾನು ಬೇಡ್ಕೊಂಡಿದ್ದು ಇದೊಂದು ಮನೆ ಮುಂದೆ ಮಾತ್ರ."